ಮೂರು ಟಾಕಿಗಳ ಸಂಸಾರ

ಮುಂಬಯಿಗೆ ಬಂದಿಳಿದ ಕನ್ನಡಿಗ ಮೊಟ್ಟಮೊದಲು ಕಲಿಯುವ ಮರಾಠಿ ಮಾತು ಯಾವುದೆಂದು ಯಾರಾದರೂ ಕೇಳಿದರೆ ನಾವು ತಡವರಿಸದೆ ಹೇಳಿಬಿಡುತ್ತೇವೆ: ‘ಪಾಣೀ ಆಲಂ ಕಾ?’ ನೀರು ಬಂತೇ? ಎರಡನೆಯದು ಅದಕ್ಕೆ ನೆರೆಮನೆಯಿಂದ ಬರುವ ಉತ್ತರ: ‘ಗೇಲಂ.’ ಹೋಯಿತು. ಈ ಬಂತು-ಹೋಯಿತುಗಳ ನಡುವಿನ 50 ನಿಮಿಷಗಳ ಮೇಲೆ ನಮ್ಮ ಉಪನಗರದ ಸಂಸಾರಗಳೆಲ್ಲ ನಿಂತಿವೆ. ಊರಿಂದ ಬಂದ ನೆಂಟರು ಮನೆಯಲ್ಲಿ ಎಷ್ಟು ಕೋಣೆ ಎಂದು ಕೇಳುತ್ತಾರೆ. ಇಲ್ಲಿಯೇ ಹಳಬರಾದವರು ಅಟ್ಟದ ಮೇಲೆ ಎಷ್ಟು ಲೀಟರಿನ ಟಾಕಿ, ಮೋರಿಯಲ್ಲಿ ಎಷ್ಟು ಪಿಂಪ ಎಂದು ಕೇಳುತ್ತಾರೆ. ಯಾರ ಪ್ರಶ್ನೆಯಲ್ಲಿ ಹೆಚ್ಚು ತಿಳಿವಳಿಕೆ ಇದೆ ಎಂಬುದನ್ನು ವಾಚಕರೇ ನಿರ್ಣಯಿಸಬೇಕು.

ಹಾಗೆಂದು ಮುಂಬಯಿಯನ್ನು ನೀರಿಲ್ಲದ ಊರೆಂದು ಬೈದರೆ ಅನ್ಯಾಯವಾದೀತು. 1860ರಲ್ಲಿ ವಿಹಾರ ಕೆರೆಯ ಕೆಲಸ ಮುಗಿದಂದಿನಿಂದ ಈ ಊರು ನೀರಿಗಾಗಿ ದೂರ ದೂರಕ್ಕೆ ಕೈ ಚಾಚುತ್ತಲೇ ಬಂದಿದೆ. 1879ರಲ್ಲಿ ತುಳಸಿ, 1892ರಲ್ಲಿ ತಾನಸಾ, 1957ರಲ್ಲಿ ವೈತರಣಾ ನದಿಗೆ ಕಟ್ಟಿದ ಮೋಡಕ ಸಾಗರ, ಆಮೇಲೆ ಮೇಲಿನ ವೈತರಣಾ, ಭಾತಸಾ, 2014ರಲ್ಲಿ ಮಧ್ಯ ವೈತರಣಾ, ಹೀಗೆ ಏಳು ಜಲಾಶಯಗಳಾದವು. ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಬಹುಪಾಲು ಇಳಿಜಾರಿನಲ್ಲೇ ಹರಿದು ಬರುತ್ತದೆ. ವೈತರಣಿಯೆಂದರೆ ಪುರಾಣದಲ್ಲಿ ಸತ್ತವರು ದಾಟಬೇಕಾದ ನದಿ. ಮುಂಬಯಿಯವರು ಅದನ್ನು ಬದುಕಿರುವಾಗಲೇ ದಿನವೂ ಬೆಳಿಗ್ಗೆ ಕುಡಿದು ಲೋಕಲ್ ಗಾಡಿ ಹಿಡಿಯುತ್ತಾರೆ.

ಇಷ್ಟೆಲ್ಲ ಬಂದರೂ ಅದು ಬರುವುದು ಪಾಳಿಯ ಮೇಲೆ. ಈ ಪೇಟೆಗೆ ಬೆಳಿಗ್ಗೆ, ಆ ಪೇಟೆಗೆ ಸಂಜೆ, ಇನ್ನೊಂದಕ್ಕೆ ನಡುರಾತ್ರಿ. ಆದ್ದರಿಂದ ಬಂದಾಗ ಹಿಡಿದಿಟ್ಟುಕೊಳ್ಳುವುದೇ ಇಲ್ಲಿಯ ಮುಖ್ಯ ಕಸುಬು. ಮಹಾನಗರಪಾಲಿಕೆಯೂ ಅದನ್ನೇ ಮಾಡುತ್ತದೆ. ಮುಂಬಯಿ ನೋಡಲು ಬಂದ ಬಂಧುಗಳನ್ನು ನಾವೆಲ್ಲ ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ನಿಗೆ ಕರೆದೊಯ್ಯುತ್ತೇವೆ. ಆನೆ, ಒಂಟೆಗಳಂತೆ ಕತ್ತರಿಸಿದ ಗಿಡಗಳ ಮುಂದೆ ಫೋಟೋ ತೆಗೆಸಿಕೊಳ್ಳುವ ಅವರಿಗೆ, ತಾವು ನಿಂತಿರುವುದು 19ನೆಯ ಶತಮಾನದ ಒಂದು ದೊಡ್ಡ ನೀರಿನ ಟಾಕಿಯ ಮುಚ್ಚಳದ ಮೇಲೆ ಎಂದು ಹೇಳಿದರೆ ನಂಬುವುದಿಲ್ಲ. ದಕ್ಷಿಣ ಮುಂಬಯಿಯ ಕುಡಿಯುವ ನೀರು ಆ ಹೂವಿನ ಪಾತಿಗಳ ಕೆಳಗಿದೆ.

ನಮ್ಮ ಕಟ್ಟಡದಲ್ಲಿ ಹೂವಿನ ಪಾತಿ ಇಲ್ಲ. ನಾಲ್ಕು ಮಾಳಿಗೆ, 16 ಮನೆ, ಸುಮಾರು 60 ಜನ. ನೆಲದಲ್ಲಿ ಒಂದು ಟಾಕಿ, ಅಲ್ಲಿಂದ ಪಂಪಿನಲ್ಲಿ ಏರಿಸಿದರೆ ತಾರಸಿಯ ಮೇಲೊಂದು ಟಾಕಿ, ಅಲ್ಲಿಂದ ಇಳಿದರೆ ಒಂದೊಂದು ಮನೆಯ ಅಟ್ಟದ ಮೇಲೂ ಒಂದು ಮರಿ ಟಾಕಿ. ನಮ್ಮ ಅಟ್ಟದ್ದು 200 ಲೀಟರಿನದು. ಅದು ಸಾಲದೆಂದು ಮೋರಿಯಲ್ಲಿ ಎರಡು ನೀಲಿ ಪಿಂಪಗಳು, ಅಡುಗೆಮನೆಯಲ್ಲಿ ಊರಿಂದ ತಂದ ತಾಮ್ರದ ಹಂಡೆ, ಎರಡು ಕೊಡ. ಇದಿಷ್ಟು ಒಳಗೆ ಬರುವ ನೀರಿನ ಸಂಗತಿ. ಹೊರಗೆ ಹೋಗುವ ನೀರಿಗೂ ಒಂದು ಟಾಕಿ ಇದೆ ಎಂಬುದನ್ನು ನಮ್ಮಲ್ಲಿ ಯಾರೂ ನೆನೆಯುತ್ತಿರಲಿಲ್ಲ. ನಮ್ಮ ಗಲ್ಲಿಯವರೆಗೆ ದೊಡ್ಡ ಗಟಾರದ ಕೊಳವೆ ಬಂದಿಲ್ಲವಾದ್ದರಿಂದ, ಕಟ್ಟಡದ ಹಿಂದೆ ಸೈಕಲ್ಲುಗಳನ್ನು ನಿಲ್ಲಿಸುವ ಸಿಮೆಂಟು ಕಟ್ಟೆಯ ಕೆಳಗೆ 16 ಮನೆಗಳ ಮಲಗುಂಡಿ ಇದೆ.

ಇದನ್ನೆಲ್ಲ ಒಂದು ಲೆಕ್ಕಕ್ಕೆ ತಂದುಕೊಟ್ಟವರು ಅಮೆರಿಕದಲ್ಲಿರುವ ನಮ್ಮ ಭಾವಮೈದುನ. ರಜೆಯಲ್ಲಿ ಅವರು ಒಂದು ಮನೆಗಾಡಿಯನ್ನು ಬಾಡಿಗೆಗೆ ಹಿಡಿದು ಹೆಂಡತಿ-ಮಕ್ಕಳೊಡನೆ ಕಾಡಿಗೆ ಹೋಗಿದ್ದರು. ಬಸ್ಸಿನಷ್ಟು ದೊಡ್ಡ ಗಾಡಿ. ಒಳಗೇ ಒಲೆ, ಹಾಸಿಗೆ, ಬಚ್ಚಲು, ಪಾಯಖಾನೆ. ಕಾಡಿನಲ್ಲಿ ನಳವೂ ಇಲ್ಲ, ಗಟಾರವೂ ಇಲ್ಲವಾದ್ದರಿಂದ ಗಾಡಿಯಲ್ಲಿ ಮೂರು ಟಾಕಿಗಳಿರುತ್ತವಂತೆ. ಒಂದು ತಿಳಿನೀರಿನದು. ಇನ್ನೊಂದು ಸ್ನಾನ, ಪಾತ್ರೆ ತೊಳೆದ ನೀರಿನದು, ಅದಕ್ಕೆ ಬೂದು ಟಾಕಿ ಎನ್ನುತ್ತಾರೆ. ಮೂರನೆಯದು ಪಾಯಖಾನೆಯದು, ಅದು ಕರಿ ಟಾಕಿ. ಯಾವುದು ಎಷ್ಟು ತುಂಬಿದೆ ಎಂದು ತೋರಿಸಲು ಗೋಡೆಯ ಮೇಲೆ ಸಣ್ಣ ದೀಪಗಳು. ತಿಳಿನೀರು ಮುಗಿದರೆ ಕಷ್ಟ, ಕರಿ ಟಾಕಿ ತುಂಬಿದರೆ ಇನ್ನೂ ಕಷ್ಟ. ಹಾಗೆ ಲೆಕ್ಕ ಹಾಕಿ ಹಾಕಿ ನೀರು ಬಳಸಿ ನಾಲ್ಕು ದಿನ ಕಳೆದೆವೆಂದು ಅವರು ಫೋನಿನಲ್ಲಿ ಸಾಹಸದಂತೆ ವರ್ಣಿಸಿದರು. ಪಕ್ಕದಲ್ಲಿ ಕೂತು ಕೇಳುತ್ತಿದ್ದ ನಮ್ಮ ಅವ್ವ, ‘ನಾಕs ದಿನಾನಾ?’ ಎಂದು ಕೇಳಿ ಅವರೆಕಾಳು ಸುಲಿಯುವುದನ್ನು ಮುಂದುವರಿಸಿದಳು.

ಅವ್ವನ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಇಂದಿನ ವಿಜಯಪುರ, ನಮ್ಮ ಬಾಯಲ್ಲಿ ಇನ್ನೂ ವಿಜಾಪುರ, ಅದರ ಹತ್ತಿರದ ಹಳ್ಳಿಯವಳು ಅವಳು. ನೀರನ್ನು ತುಪ್ಪದ ಹಾಗೆ ಬಳಸಬೇಕೆಂಬುದು ಅವಳಿಗೆ ಗಾದೆಯಲ್ಲ, ಮೇ ತಿಂಗಳ ದಿನಚರಿ. ವಿಜಾಪುರದ ಬೀದಿಗಳಲ್ಲಿ ಇಂದಿಗೂ ಅಲ್ಲಲ್ಲಿ ಕಲ್ಲಿನ ಎತ್ತರದ ಗೋಪುರಗಳು ನಿಂತಿವೆ. ಗಂಜ್ ಎಂದು ಹೆಸರು. 1651ರಲ್ಲಿ ಮಹಮ್ಮದ್ ಆದಿಲಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ನೆಲದೊಳಗಿನ ಕೊಳವೆಗಳಲ್ಲಿ ಊರಿಗೆ ನೀರು ಬರುವಾಗ ಈ ಗೋಪುರಗಳೊಳಗೆ ಏರಿ, ಒತ್ತಡ ತಗ್ಗಿ, ಕೆಸರು ತಳಕ್ಕೆ ಕೂತು, ತಿಳಿಯಾದದ್ದು ಮುಂದೆ ಸಾಗುತ್ತಿತ್ತು. ನಾವು ಚಿಕ್ಕವರಿದ್ದಾಗ ಅವುಗಳ ನೆರಳಿನಲ್ಲಿ ಗೋಲಿ ಆಡಿದ್ದೇವೆ. ಒಳಗೆ ನೀರಿರಲಿಲ್ಲ, ಪಾರಿವಾಳಗಳಿದ್ದವು. ಬಾದಶಹರ ಟಾಕಿಗಳು ಬತ್ತಿದ ಊರಿನಲ್ಲಿ ಬೆಳೆದವಳಿಗೆ ಭಾವಮೈದುನರ ನಾಲ್ಕು ದಿನ ದೊಡ್ಡದಾಗಿ ಕಾಣದಿದ್ದರೆ ತಪ್ಪೇನು?

ಅವಳ ಆಡಳಿತದಲ್ಲಿ ನಮ್ಮ ಮನೆಯ ನೀರಿಗೆ ಮೂರು ಜನ್ಮಗಳಿವೆ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು ಕಿಟಕಿಯ ತುಳಸಿಗೆ ಮತ್ತು ಕರಿಬೇವಿಗೆ. ಬಟ್ಟೆಯನ್ನು ಮೂರು ಸಲ ಜಾಲಿಸಿದರೆ, ಮೂರನೆಯ ನೀರು ಚೆಲ್ಲುವಂತಿಲ್ಲ, ನಾಳೆಯ ಬಟ್ಟೆಗೆ ಅದೇ ಮೊದಲ ನೀರು. ಸಾಬೂನಿನ ನೀರೆಲ್ಲ ಎರಡನೆಯ ಪಿಂಪಕ್ಕೆ. ಅಲ್ಲಿಂದ ನೆಲ ಒರೆಸಲು, ಪಾಯಖಾನೆಗೆ ಹಾಕಲು. ನಮ್ಮ ಮನೆಯಾಕೆ ಉಡುಪಿ ಕಡೆಯವಳು. ಹಿತ್ತಲಿನ ಬಾವಿಯಿಂದ ಸೇದಿದಷ್ಟೂ ನೀರು ಕಂಡವಳು. ಮದುವೆಯಾದ ಹೊಸತರಲ್ಲಿ ಈ ಎರಡನೆಯ ಪಿಂಪವನ್ನು ಕಂಡು ಮುಖ ಸಿಂಡರಿಸಿದ್ದಳು. ಈಗ ಅತ್ತೆಗಿಂತ ಸೊಸೆಯೇ ಬಿಗಿ.

ನಾವು ಬಿ.ಎಸ್‌ಸಿ. ಓದಿ ಗುಮಾಸ್ತಿಕೆಗೆ ಸೇರಿದವರಾದ್ದರಿಂದ ಅಂಕಿಗಳಿಲ್ಲದೆ ಸಮಾಧಾನವಿಲ್ಲ. ಗಟಾರದ ವ್ಯವಸ್ಥೆಯಿರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕೆಂದು ಸರಕಾರದ ಪ್ರಮಾಣ. ನಮ್ಮ ಮನೆಯಲ್ಲಿ ಐವರು. 675 ಲೀಟರ್ ಆಯಿತು. ಒಂದು ತಿಂಗಳು ಅಳೆದು ನೋಡಿದೆವು: ನಮಗೆ ಖರ್ಚಾದದ್ದು 400ರ ಸುಮಾರು. ಷವರ್ ಇಲ್ಲದೆ ಬಕೆಟಿನಲ್ಲಿ ಮಿಂದರೆ 18 ಲೀಟರ್ ಸಾಕು. ಹಳೆಯ ಕಾಲದ ಫ್ಲಷ್ ಒಂದು ಸಲ ಎಳೆದರೆ 10 ಲೀಟರ್ ಮಾಯ, ಪಿಂಪದ ನೀರು ಹಾಕಿದರೆ ಅರ್ಧದಲ್ಲಿ ಕೆಲಸವಾಗುತ್ತದೆ. ಸೆಕೆಂಡಿಗೊಂದು ತೊಟ್ಟು ಸೋರುವ ನಳದಿಂದ ದಿನಕ್ಕೆ 86,400 ತೊಟ್ಟು, ಮಿಲಿಲೀಟರಿಗೆ 20 ತೊಟ್ಟಿನಂತೆ 4 ಲೀಟರಿಗೂ ಮೇಲೆ. ಈ ಲೆಕ್ಕವನ್ನು ಕಟ್ಟಡದ ಫಲಕದ ಮೇಲೆ ಬರೆದ ವಾರದಲ್ಲಿ ಮೂರು ಮನೆಯವರು ವಾಯ್ಸರ್ ಬದಲಿಸಿದರು. ನಾಲ್ಕನೆಯವರು ಫಲಕದ ಅಕ್ಷರ ಚೆನ್ನಾಗಿದೆ ಎಂದರು.

ಕೂಡಿಟ್ಟ ನೀರಿಗೆ ಇನ್ನೊಂದು ಕಾಟವಿದೆ, ಸೊಳ್ಳೆಯದು. ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಗಟಾರ ಬೇಡ, ತಿಳಿನೀರೇ ಬೇಕು. ಪಿಂಪದ ಅಂಚಿನಲ್ಲಿ ಮೊಟ್ಟೆಯಿಟ್ಟರೆ ಹೆಚ್ಚುಕಡಿಮೆ ಒಂದು ವಾರದಿಂದ ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ. ಮಲೇರಿಯಾದ ಅನಾಫಿಲಿಸ್ ಸ್ಟೀಫೆನ್ಸಿ ಬಾವಿಗಳಲ್ಲಿ, ತಾರಸಿಯ ಟಾಕಿಗಳಲ್ಲಿ ಬೆಳೆಯುವಂಥದು. ಇದೇ ಕಾರಣಕ್ಕೆ 20ನೆಯ ಶತಮಾನದ ಆರಂಭದಲ್ಲಿ ಮುಂಬಯಿಯ ಎಷ್ಟೋ ಬಾವಿಗಳನ್ನು ಮುಚ್ಚಿಸಲಾಯಿತು. ಚರ್ಚ್‌ಗೇಟಿನ ಹತ್ತಿರ ಪಾರಸಿಗಳು 1725ರಿಂದ ಪೂಜಿಸುತ್ತ ಬಂದ ಭೀಖಾ ಬೆಹರಾಮ್ ಬಾವಿಯಂಥವು ಕೆಲವೇ ಉಳಿದವು. ಆದ್ದರಿಂದ ವಾರಕ್ಕೊಮ್ಮೆ ಪಿಂಪ ಬರಿದು ಮಾಡಿ, ಒಳಗಿನ ಅಂಚನ್ನು ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ಬರಿದೆ ನೀರು ಚೆಲ್ಲಿದರೆ ಮೊಟ್ಟೆ ಅಂಟಿಕೊಂಡೇ ಇರುತ್ತದೆ. ತಾರಸಿಯ ಟಾಕಿಗೆ ಬಿಗಿಯಾದ ಮುಚ್ಚಳ ಬೇಕು. ನೀರು ಕೆಟ್ಟಿದೆಯೆಂಬ ಅನುಮಾನ ಬಂದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಷ್ಟು ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಬೇಕು. ಕಣ್ಣಳತೆಯಲ್ಲಿ ಎರಡು ಮುಷ್ಟಿ ಎಸೆಯುವ ಪದ್ಧತಿ ಪಕ್ಕದ ಕಟ್ಟಡದಲ್ಲಿತ್ತು. ಆ ದಿನ ಅಲ್ಲಿಯ ಚಹಾ ಕೂಡ ಈಜುಕೊಳದ ವಾಸನೆ ಬರುತ್ತಿತ್ತು.

ಇನ್ನು ಕರಿ ಟಾಕಿಯ ವಿಷಯ.

2024ರಲ್ಲಿ ಜಲಾಶಯಗಳು ತಳ ಕಂಡಿದ್ದವು. ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ನೀರು ಕಡಿತ. ಅದೇ ಹೊತ್ತಿಗೆ ನಮ್ಮ ಕಟ್ಟಡದ ಹಿಂದಿನ ಗುಂಡಿ ಉಕ್ಕತೊಡಗಿತು. ಮಲಗುಂಡಿಯ ಒಳಗು ಸರಳವಾದದ್ದು. ಗಟ್ಟಿಯಾದದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ತಳದ ಹೂಳನ್ನು ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸದಿದ್ದರೆ ನಡುವಿನ ಜಾಗವೇ ಉಳಿಯುವುದಿಲ್ಲ. ನಮ್ಮಲ್ಲಿ ಕೊನೆಗೆ ಯಾವಾಗ ತೆಗೆಸಿದ್ದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಮಳೆ ಹಿಡಿದರೆ ನೆಲದ ನೀರು ಏರಿ, ಹೊಲಸೆಲ್ಲ ಮೇಲೆ ಬಂದು, ಹತ್ತು ಹೆಜ್ಜೆ ಆಚೆಯ ಕುಡಿಯುವ ನೀರಿನ ಟಾಕಿಗೇ ಸೇರುವ ಭಯ. ಸಭೆ ಕರೆದರು.

ಸಭೆಯಲ್ಲಿ ಎರಡು ದರಗಳು ಬಂದವು. ಹೀರುವ ಯಂತ್ರದ ಟ್ಯಾಂಕರ್ ತರಿಸಿದರೆ 9,000 ರೂಪಾಯಿ. ಹೂಳು ಗಟ್ಟಿಯಾಗಿದ್ದರೆ ಯಂತ್ರ ಎಳೆಯುವುದಿಲ್ಲ, ಆಗ ದುಡ್ಡು ದಂಡ. ಇನ್ನೊಬ್ಬ ಗುತ್ತಿಗೆದಾರ 3,500ಕ್ಕೆ ಒಪ್ಪಿದ್ದ. ಇಬ್ಬರು ಆಳು, ಒಂದು ಹಗ್ಗ, ಎರಡು ಬಕೆಟ್. ರಾತ್ರಿ ಹನ್ನೊಂದರ ಮೇಲೆ ಬಂದು ಬೆಳಗಾಗುವುದರೊಳಗೆ ಮುಗಿಸಿ ಹೋಗುತ್ತಾರೆ, ಯಾರಿಗೂ ತೊಂದರೆಯಿಲ್ಲ. ಖಜಾಂಚಿಗಳು ಲೆಕ್ಕದಲ್ಲಿ ಗಟ್ಟಿ. 5,500 ಉಳಿತಾಯವೆಂದು ಅವರು ಹೇಳುವಷ್ಟರಲ್ಲೇ ಅರ್ಧ ಸಭೆ ತಲೆಯಾಡಿಸಿತ್ತು.

ಹಿಂದಿನ ಬೆಂಚಿನ ಮೇಲೆ ಗಾಳಿಗಾಗಿ ಕೂತಿದ್ದ ಅವ್ವ, ತನ್ನ ವಿಜಾಪುರದ ಮರಾಠಿಯಲ್ಲಿ ಕೇಳಿದಳು: ‘ಕೋಣಾಚಾ ಮುಲಗಾ ಉತರಣಾರ?’ ಯಾರ ಮಗ ಇಳಿಯುವವ?

ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ನಾವು ಎದ್ದು ನಿಂತೆವು.

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣವೆಂಬ ಮೂರು ಬುರುಡೆಯ ಗಾಜಿನ ಪಾತ್ರೆಯಿತ್ತು. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತಯಾರಾಗುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಮಲಗುಂಡಿಯಲ್ಲಿ ಹುಟ್ಟುವುದೂ ಅದೇ. ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ, ಹೂಳನ್ನು ಕದಡಿದಾಗ ಒಮ್ಮೆಲೇ ಏಳುತ್ತದೆ. ಅದರ ಮೋಸವೆಂದರೆ, ಸ್ವಲ್ಪವೇ ಇದ್ದಾಗ ಮೂಗಿಗೆ ಬಡಿಯುವಂಥದು, ಹತ್ತು ಲಕ್ಷಕ್ಕೆ 100 ಪಾಲಿನಷ್ಟಾದರೆ ಮೂಗನ್ನೇ ಸಾಯಿಸಿಬಿಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಇನ್ನೂ ಕೆಳಗೆ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನು ಅವನ ಮೇಲೆ ಬೀಳುತ್ತಾನೆ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಹೆಸರುಗಳು ಎರಡು-ಮೂರು ಇರುವುದು ಇದರಿಂದಲೇ. ಲಾಂದ್ರ ಇಳಿಸಿ ನೋಡೋಣವೆಂದು ಒಬ್ಬರು ಸೂಚಿಸಿದರು. ಅದರೊಳಗೆ ಮೀಥೇನ್ ಕೂಡ ಇರುತ್ತದೆ, ದೀಪ ಇಳಿಸಿದರೆ ಸೈಕಲ್ಲುಗಳ ಸಮೇತ ಕಟ್ಟೆ ಹಾರೀತು ಎಂದೆವು.

ಕಾನೂನನ್ನೂ ಹೇಳಿದೆವು. ಕಚೇರಿಯಲ್ಲಿ ಕಾಗದಪತ್ರಗಳ ನಡುವೆ ಇರುವವರಿಗೆ ಅಷ್ಟು ಅಭ್ಯಾಸವಿರುತ್ತದೆ. ರಕ್ಷಣೆಯ ಸಲಕರಣೆಗಳಿಲ್ಲದೆ ಮನುಷ್ಯನನ್ನು ಗುಂಡಿಗಿಳಿಸಿ ಕೈಯಿಂದ ಶುಚಿ ಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಮ್ಮ ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದ್ದರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇದೇ ಕೆಲಸದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಇದರ ವಿರುದ್ಧ ದೇಶವೆಲ್ಲ ತಿರುಗಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಇಷ್ಟೆಲ್ಲ ಹೇಳಿದ್ದರಲ್ಲಿ ಸಭೆಗೆ ನಾಟಿದ್ದು ಎರಡು ಲಕ್ಷದ ದಂಡ ಎಂಬುದನ್ನು ಮರೆಮಾಚುವ ಕಾರಣವಿಲ್ಲ. ಯಾವ ಬಾಗಿಲಿನಿಂದ ಬಂದರೂ ಬರಲಿ. ಟ್ಯಾಂಕರ್ ಎಂದು ತೀರ್ಮಾನವಾಯಿತು.

ಉಳಿದದ್ದು ಗಟ್ಟಿ ಹೂಳಿನ ಪ್ರಶ್ನೆ. ವರ್ಷಗಟ್ಟಲೆ ಕೂತದ್ದು ಮಣ್ಣಿನಂತಾಗಿರುತ್ತದೆ, ಕೊಳವೆಯಲ್ಲಿ ಏರುವುದಿಲ್ಲ. ಆಗ ಭಾವಮೈದುನರ ಮನೆಗಾಡಿ ನೆನಪಾಯಿತು. ಅವರು ಹೇಳಿದ್ದರು: ಕರಿ ಟಾಕಿಯ ಕವಾಟವನ್ನು ಸದಾ ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಒಳಗೇ ಗುಡ್ಡೆಯಾಗುತ್ತದೆ. ಅದನ್ನು ನೀರಿನಲ್ಲೇ ನೆನೆಸಿ ಇಟ್ಟಿರಬೇಕು, ಖಾಲಿ ಮಾಡುವಾಗ ಮೊದಲು ಕರಿದು, ಆಮೇಲೆ ಬೂದಿಯದನ್ನು ಬಿಟ್ಟು ಕೊಳವೆ ತೊಳೆಯಬೇಕು. ನಮ್ಮ ಗುಂಡಿಗೂ ಅದೇ ಮದ್ದು. ನೀರು ಸುರಿದು ಉದ್ದನೆಯ ಬೊಂಬಿನಿಂದ ಮೇಲಿನಿಂದಲೇ ಕಲಕಿದರೆ ತೆಳ್ಳಗಾಗುತ್ತದೆ. ಆದರೆ ಶೇಕಡಾ 10 ಕಡಿತವಿರುವ ವಾರದಲ್ಲಿ ಮಲಗುಂಡಿಗೆ ಸುರಿಯಲು ನೀರು ಎಲ್ಲಿಂದ? ನೆಲದ ಟಾಕಿಯ ಬೀಗದ ಕೈ ಸೆಕ್ರೆಟರಿಯವರ ಬಳಿ. ಅವರು ಕೊಡಲು ಒಪ್ಪಲಿಲ್ಲ, ಅವರದು ತಪ್ಪೂ ಅಲ್ಲ.

ಅವ್ವ ಮನೆಮನೆ ಹತ್ತಿದಳು. ಜತೆಗೆ ಸೊಸೆ. ಎರಡು ದಿನ ಬಟ್ಟೆ ಒಗೆದ, ಮಿಂದ ನೀರನ್ನು ಯಾರೂ ಮೋರಿಯ ಬಾಯಿಗೆ ಬಿಡಬಾರದು, ಪಿಂಪದಲ್ಲಿ ತುಂಬಿಡಬೇಕು ಎಂದು ಹೇಳಿ ಬಂದರು. ಮೊದಲು ನಕ್ಕವರೂ ತುಂಬಿದರು. ಮೂರನೆಯ ದಿನ ಬೆಳಿಗ್ಗೆ ಟ್ಯಾಂಕರ್ ಬಂದಾಗ 16 ಮನೆಗಳಲ್ಲಿ 13 ಮನೆಯವರ ಪಿಂಪಗಳು ಕೆಳಗಿಳಿದವು. ಒಟ್ಟು 2,000 ಲೀಟರಿನ ಸಮೀಪ. ಸಾಬೂನಿನ ನೊರೆಯ ಬೂದು ನೀರು, ಒಂದು ತೊಟ್ಟೂ ಕುಡಿಯುವ ನೀರಲ್ಲ. ಮುಚ್ಚಳಗಳನ್ನು ತೆರೆದು ಮಕ್ಕಳನ್ನೆಲ್ಲ ದೂರ ನಿಲ್ಲಿಸಿ ಒಂದು ತಾಸು ಬಿಟ್ಟರು. ಆಮೇಲೆ ಸುರಿಯುವುದು, ಕಲಕುವುದು, ಹೀರುವುದು. ಯಂತ್ರ ಎರಡು ಸಲ ಕೆಮ್ಮಿ ನಿಂತಿತು. ಎರಡನೆಯ ಸಲ ಕೊಳವೆಯ ಬಾಯಿಗೆ ಹರಕು ಬಟ್ಟೆ ಸಿಕ್ಕಿತ್ತು. ಟ್ಯಾಂಕರಿನ ಹುಡುಗ, ಇಪ್ಪತ್ತರ ಆಸುಪಾಸು, ಚಪ್ಪಲಿ ಬಿಚ್ಚಿ ಪ್ಯಾಂಟು ಮಡಚಿದ. ಎರಡು ನಿಮಿಷದ ಕೆಲಸ, ಇಳಿದು ತೆಗೆದುಬಿಡುತ್ತೇನೆ ಎಂದ. ಕಟ್ಟೆಯ ಸುತ್ತ ನಿಂತಿದ್ದವರು ಒಮ್ಮೆಲೇ ‘ನಕೋ, ನಕೋ’ ಎಂದು ಕೂಗಿದರು. ಅದರಲ್ಲಿ ಖಜಾಂಚಿಗಳ ದನಿಯೇ ದೊಡ್ಡದಾಗಿತ್ತು. ಬೊಂಬಿನ ತುದಿಗೆ ಕಬ್ಬಿಣದ ಕೊಕ್ಕೆ ಕಟ್ಟಿ ಮುಕ್ಕಾಲು ತಾಸು ಹೆಣಗಿ ಅದನ್ನು ಮೇಲೆಳೆದೆವು.

ಕೆಲಸ ಮುಗಿದಾಗ ಮಧ್ಯಾಹ್ನ ಎರಡು. ಹುಡುಗ ಕೈಕಾಲು ತೊಳೆಯಲು ನೀರು ಕೇಳಿದ. ಉಳಿದಿದ್ದ ಪಿಂಪದ ನೀರನ್ನು ಯಾರೋ ತೋರಿಸಿದರು. ಅವ್ವ ಸುಮ್ಮನೆ ಮೇಲೆ ಹೋಗಿ ತಾಮ್ರದ ಹಂಡೆಯಿಂದ ಒಂದು ಬಕೆಟ್ ತುಂಬಿಸಿಕೊಂಡು, ಮೊಮ್ಮಗನ ಕೈಯಲ್ಲಿ ಹೊರಿಸಿ, ಸಾಬೂನಿನ ಹೊಸ ಬಿಲ್ಲೆಯೊಡನೆ ಇಳಿದಳು. ಅವಳ ಹಳ್ಳಿಯಲ್ಲಿ ಇಂಥ ಕೆಲಸದವರಿಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು, ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. ಅದು ನಮಗೂ ನೆನಪಿದೆ. ಅವನು ತೊಳೆದುಕೊಂಡ ಮೇಲೆ ಕುಡಿಯುವ ನೀರಿನ ತಂಬಿಗೆಯನ್ನು ಅವನ ಕೈಗೇ ಕೊಟ್ಟು, ‘ಪೀ, ಬಾಳಾ’ ಎಂದಳು. ಕುಡಿದು ಇನ್ನೊಂದು ತಂಬಿಗೆ ಕೇಳಿದ. ಅದನ್ನೂ ತರಿಸಿದಳು. ಆ ದಿನದ ಅಡುಗೆಗೆ ನೀರು ಕಡಿಮೆಬಿದ್ದು ಮನೆಯಾಕೆ ಬೇಳೆ ಕುದಿಸದೆ ಮಜ್ಜಿಗೆ ಸಾರು ಮಾಡಿದಳು.

ಜೂನ್ 9ರಂದು ಮುಂಬಯಿಗೆ ಮುಂಗಾರು ಮುಟ್ಟಿತು. ಗುಂಡಿ ಉಕ್ಕಲಿಲ್ಲ. ಮುಂದಿನ ಸರದಿಗಾಗಿ ಸೈಕಲ್ ಕಟ್ಟೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಮೇ 2027’ ಎಂದು ಬರೆಸಿದ್ದೇವೆ. ಅದರ ಕೆಳಗೆ, ಖಜಾಂಚಿಗಳ ಸೂಚನೆಯ ಮೇರೆಗೆ, ‘ಎರಡು ದಿನ ಮೊದಲು ಪಿಂಪ ತುಂಬಿಡುವುದು’ ಎಂದು ಮರಾಠಿಯಲ್ಲಿ.